ಚಾವಣಿಯಿಂದ ಇಳಿದ ಕಾಲು

ಸೇಫ್ಟಿ ಸಾಹೇಬರು ಎಂಬುದು ಕಾರ್ಖಾನೆಯವರು ಇಟ್ಟ ಹೆಸರು. ಸರ್ವೀಸಿನುದ್ದಕ್ಕೂ ಅವರ ಕೆಲಸ ಒಂದೇ ಆಗಿತ್ತು: ಬೇರೆಯವರು ಬೀಳದಂತೆ, ಸುಟ್ಟುಕೊಳ್ಳದಂತೆ, ಬೆರಳು ಕಳೆದುಕೊಳ್ಳದಂತೆ ನೋಡಿಕೊಳ್ಳುವುದು. ಪಾಳಿ ಶುರುವಾಗುವ ಮುಂಚೆ ಮೈಕು ಹಿಡಿದು ಭಾಷಣ ಮಾಡುತ್ತಿದ್ದರು. ಕಣ್ಣಿಗೆ ಕನ್ನಡಕ ಹಾಕದೆ ಕಬ್ಬಿಣ ಉಜ್ಜುವ ಗ್ರೈಂಡರ್ ಮುಟ್ಟಿದವನನ್ನು ಮುಲಾಜಿಲ್ಲದೆ ಗೇಟಿನಾಚೆ ಕಳಿಸುತ್ತಿದ್ದರು. ಅಂಥವರು ನಿವೃತ್ತರಾಗಿ, ಪೇಟೆಯಿಂದ ದೂರ ಒಂದು ತುಂಡು ಜಮೀನು, ಅದರಲ್ಲೊಂದು ಹಳೇ ಮನೆ, ಹಿಂದುಗಡೆ ಒಂದು ಶೆಡ್ಡು ಕೊಂಡಾಗ ನೆಂಟರಿಷ್ಟರೆಲ್ಲ ನಿಶ್ಚಿಂತರಾದರು. ಮನೆ ಒಳ್ಳೆಯ ಕೈಗೆ ಸಿಕ್ಕಿತು ಎಂದುಕೊಂಡರು.

ಆ ಒಳ್ಳೆಯ ಕೈ ಮೊದಲು ಮಾಡಿದ್ದು ನಡುಮನೆಯ ಗೋಡೆಗೆ ಒಂದು ಫಲಕ ತೂಗುಹಾಕುವ ಕೆಲಸ. ‘ಸುರಕ್ಷತೆಯೇ ಮೊದಲು’ ಎಂದು ಬರೆದಿದ್ದ ಆ ಫಲಕವನ್ನು ಕಾರ್ಖಾನೆಯವರು ಬೀಳ್ಕೊಡುವಾಗ ಪ್ರೀತಿಯಿಂದ ಕೊಟ್ಟಿದ್ದರು. ಮೊಳೆಗೆಂದು ಡ್ರಿಲ್ ಹಿಡಿದು ತೂತು ಕೊರೆದರೆ, ಸರಿಯಾಗಿ ಅದೇ ಜಾಗದಲ್ಲಿ ಗೋಡೆಯೊಳಗೆ ನೀರಿನ ಪೈಪು ಹಾದುಹೋಗಿತ್ತು. ನೀರು ಸಾಹೇಬರ ಮುಖಕ್ಕೇ ಚಿಮ್ಮಿತು. ಆಮೇಲೊಂದು ದಿನ ಗ್ರೈಂಡರಿನ ಕಿಡಿ ಹಾರಿ, ಒಣಗಲು ಹಾಕಿದ್ದ ಟವೆಲ್ಲುಗಳೆಲ್ಲ ಜರಡಿಯಾದವು. ಆಗ ಅವರ ಕಣ್ಣಿನ ಮೇಲೆ ಕನ್ನಡಕ ಇತ್ತೇ ಎಂದು ಹೆಂಡತಿ ಕೇಳಲಿಲ್ಲ. ಅದು ಮೇಜಿನ ಮೇಲೆ, ಡಬ್ಬಿಯೊಳಗೆ, ಒಂದು ಗೀರೂ ಬೀಳದೆ ಸುರಕ್ಷಿತವಾಗಿರುವುದು ಆಕೆಗೆ ಕಾಣುತ್ತಿತ್ತು.

“ಕಾರ್ಖಾನೆ ಬೇರೆ, ಮನೆ ಬೇರೆ ಕಣೇ. ಅಲ್ಲಿ ದೊಡ್ಡ ದೊಡ್ಡ ಯಂತ್ರ. ಇಲ್ಲಿ ಏನಿದೆ, ಸಣ್ಣಪುಟ್ಟ ರಿಪೇರಿ.”

ಆಕೆ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವಳು. ಮುಖ ಕಾಣದ ಜನರ ಗಾಬರಿಯನ್ನು ಕಿವಿಯಲ್ಲೇ ಕೇಳಿ, ಸಮಾಧಾನದ ದನಿಯಲ್ಲಿ ದಾರಿ ತೋರಿಸುವುದು ಆಕೆಯ ಜೀವಮಾನದ ವೃತ್ತಿ. ಆ ಅನುಭವ ಗಂಡನ ವಿಷಯದಲ್ಲಿ ಬೇಕಾಗಬಹುದೆಂದು ಆಕೆ ಎಣಿಸಿರಲಿಲ್ಲ.

ಶೆಡ್ಡಿನ ಚಾವಣಿ ಹಳೆಯ ಸಿಮೆಂಟ್ ಶೀಟಿನದು. ಬಿಸಿಲು ಮಳೆ ತಿಂದು ಕಪ್ಪಗಾಗಿತ್ತು, ಅಲ್ಲಲ್ಲಿ ಪಾಚಿ ಹಿಡಿದಿತ್ತು. ಒಂದು ಶೀಟಿನಲ್ಲಿ ಕೂದಲೆಳೆಯಂಥ ಸೀಳು ಬಿಟ್ಟು ನೀರು ಸೋರುತ್ತಿತ್ತು. ಭಾನುವಾರ ಬೆಳಿಗ್ಗೆ ಸಾಹೇಬರು ಒಂದು ಡಬ್ಬಿ ಟಾರು, ಒಂದು ಬ್ರಷ್ಷು ಹಿಡಿದು ಹೊರಟರು. ಕಾಲಲ್ಲಿ ಹವಾಯಿ ಚಪ್ಪಲಿ.

“ರೀ, ಮಧ್ಯಾಹ್ನ ನನ್ನ ತಮ್ಮ ಬರ್ತಾನೆ. ಅವನು ಬಂದ್ಮೇಲೆ ಹತ್ತಿ.”

“ಅವನ್ಯಾಕೆ? ಕನ್ನಡಕದ ಅಂಗಡಿ ಇಟ್ಟೋನಿಗೆ ಚಾವಣಿ ವಿಷಯ ಏನು ಗೊತ್ತು? ಬ್ರಷ್ಷಲ್ಲಿ ಎರಡು ಸಲ ಬಳಿದ್ರೆ ಮುಗೀತು. ಹತ್ತೋದು, ಇಳಿಯೋದು.”

ಹತ್ತುವುದು ಅವರು ಹೇಳಿದಂತೆಯೇ ಆಯಿತು. ಇಳಿಯುವ ಕೆಲಸವನ್ನು ಒಂದು ಕಾಲು ಮಾತ್ರ ಮಾಡಿತು.

ಶೆಡ್ಡಿನ ಕಡೆಯಿಂದ ಮಡಕೆ ಒಡೆದಂಥ ಸದ್ದು ಬಂದಾಗ ಹೆಂಡತಿ ಅಡುಗೆಮನೆಯಲ್ಲಿದ್ದಳು. ಓಡಿಬಂದು ಶೆಡ್ಡಿನ ಬಾಗಿಲು ತಳ್ಳಿದಳು. ಒಳಗೆಲ್ಲ ಬೂದಿಯಂಥ ಧೂಳು. ಧೂಳಿನ ನಡುವೆ, ಚಾವಣಿಯಿಂದ, ತೊಡೆಯವರೆಗೆ ಒಂದು ಕಾಲು ಇಳಿಬಿದ್ದಿತ್ತು. ಹೆಬ್ಬೆರಳಿಗೆ ಚಪ್ಪಲಿ ಇನ್ನೂ ನೇತಾಡುತ್ತಿತ್ತು.

“ರೀ.”

“ಏನಿಲ್ಲ, ಏನಿಲ್ಲ,” ಎಂದಿತು ಮೇಲಿನಿಂದ ಒಂದು ದನಿ. “ಸ್ವಲ್ಪ ಸಿಕ್ಕಾಕ್ಕೊಂಡಿದೆ. ನೀನು ಒಳಗೆ ಹೋಗು.”

ಎಷ್ಟೇ ಆಗಲಿ, ಗಂಡನ ಕಾಲು ಚಾವಣಿಯಲ್ಲಿ ನೇತಾಡುತ್ತಿರುವಾಗ ಒಳಗೆ ಹೋಗಿ ಪಲ್ಯ ಮಾಡುವ ಹೆಂಗಸಾಗಿರಲಿಲ್ಲ ಆಕೆ. ಕಾಲಿನ ನೇರಕ್ಕೆ ಕೆಳಗೆ ಏನಿದೆ ಎಂದು ನೋಡಿದಳು. ಹುಲ್ಲು ಕತ್ತರಿಸುವ ಯಂತ್ರವಿತ್ತು. ಸಾಹೇಬರು ರಿಪೇರಿಗೆಂದು ಅದನ್ನು ಹಿಂದಿನ ದಿನ ಬಿಚ್ಚಿ, ಅಂಗಾತ ಮಲಗಿಸಿ, ಬ್ಲೇಡುಗಳನ್ನು ಮೇಲ್ಮುಖವಾಗಿಟ್ಟು ಹೋಗಿದ್ದರು. ಆಕೆ ಮೊದಲು ಆ ಯಂತ್ರವನ್ನು ಮೂಲೆಗೆ ಎಳೆದುಹಾಕಿದಳು. ಆಮೇಲೆ ಬಾಯಿ ತೆರೆದಾಗ ದನಿ ಹಳೆಯ ನೌಕರಿಯದಾಗಿತ್ತು.

“ಈಗ ನಾನು ಕೇಳೋದಕ್ಕೆ ಮಾತ್ರ ಉತ್ತರ ಕೊಡಿ. ಇನ್ನೊಂದು ಕಾಲು ಎಲ್ಲಿದೆ?”

“ಮೇಲೇ ಇದೆ. ಮಡಚಿಕೊಂಡಿದೆ.”

“ಕೈ ಎಲ್ಲಿದೆ?”

“ಎರಡೂ ಶೀಟ್ ಮೇಲೆ. ಆದ್ರೆ ಊರಿದ್ರೆ ಲಟಲಟ ಅಂತಿದೆ ಕಣೇ.”

“ಊರಬೇಡಿ. ಅಲುಗಾಡಬೇಡಿ. ಇದು ಹೀಗೇ ಒಡೆಯುತ್ತೆ ಅಂತ ಗೊತ್ತಿರಲಿಲ್ವಾ?”

“ಗೊತ್ತಿತ್ತು. ಹಳೇ ಶೀಟ್ ಮೇಲೆ ನೇರವಾಗಿ ಕಾಲಿಡಬಾರದು. ಉದ್ದಕ್ಕೆ ಹಲಗೆ ಹಾಸಬೇಕು, ಆ ಹಲಗೆ ಶೀಟಿನಡಿಯ ತೊಲೆಗಳ ನೇರಕ್ಕೆ ಕೂರಬೇಕು. ವರ್ಷವರ್ಷ ಹೇಳ್ತಿದ್ದೆ.”

“ಯಾರಿಗೆ?”

ಕಾಲು ಹೆಬ್ಬೆರಳಿನ ಚಪ್ಪಲಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಿತು.

ಅಷ್ಟರಲ್ಲಿ ಆಕೆಯ ಅಂಗೈ ಮೇಲೆ ಒಂದು ಹನಿ ಬಿತ್ತು. ಟಾರಿರಬೇಕೆಂದುಕೊಂಡಳು. ಟಾರು ಕೆಂಪಗಿರುವುದಿಲ್ಲ. ಒಡೆದ ಶೀಟಿನ ಅಂಚು ತೊಡೆಯನ್ನು ಸೀಳಿತ್ತು. ಆಕೆ ಹಳೇ ಮೇಜೊಂದನ್ನು ಎಳೆದುತಂದು, ಅದರ ಮೇಲೆ ಅಗಲ ಸ್ಟೂಲಿಟ್ಟು, ನೇತಾಡುತ್ತಿದ್ದ ಪಾದವನ್ನು ಹಿಡಿದು ಮೆಲ್ಲಗೆ ಅದರ ಮೇಲೆ ಕೂರಿಸಿದಳು. ಮೇಲಿನಿಂದ ದೊಡ್ಡದೊಂದು ಉಸಿರು ಕೇಳಿಸಿತು. ತಾನೂ ಮೇಜು ಹತ್ತಿ ಒದ್ದೆ ಬಟ್ಟೆಯನ್ನು ಬಿಗಿಯಾಗಿ ತೊಡೆಗೆ ಸುತ್ತಿ, ತಮ್ಮನಿಗೆ ಫೋನು ಮಾಡಿದಳು.

ತಮ್ಮ ದಾರಿಯಲ್ಲೇ ಇದ್ದ. ಬಂದವನು ಮೊದಲು ಹೊರಗಿನಿಂದ ಭಾವನ ಅರ್ಧ ದೇಹ ನೋಡಿದ, ಆಮೇಲೆ ಒಳಗೆ ಬಂದು ಉಳಿದ ಕಾಲನ್ನು ನೋಡಿದ. ಅವನ ಕೈ ತಾನಾಗಿ ಜೇಬಿನ ಫೋನಿನತ್ತ ಹೋಯಿತು.

“ಫೋಟೋ ತೆಗೆದ್ರೆ ನಿನ್ನನ್ನೂ ಅಲ್ಲೇ ಸಿಕ್ಕಿಸ್ತೀನಿ,” ಎಂದಳು ಅಕ್ಕ. “ಹಿತ್ತಲಲ್ಲಿ ಹಲಗೆಗಳಿವೆ, ತಗೊಂಬಾ.”

“ಅಕ್ಕಾ, ಭಾವನ ಕೈ ಹಿಡಿದು ಒಂದೇ ಸಲ ಎಳೆದುಬಿಟ್ರೆ?”

“ಬೇಡ,” ಎಂದವು ಮೇಲಿನ ದನಿ ಮತ್ತು ಕೆಳಗಿನ ದನಿ ಒಟ್ಟಿಗೆ. ಆ ಮನೆ ಕೊಂಡ ಮೇಲೆ ಗಂಡ ಹೆಂಡತಿ ಒಂದೇ ಮಾತಾಡಿದ್ದು ಅದೇ ಮೊದಲು.

ಸಾಹೇಬರು ಮೇಲಿನಿಂದ ಹೇಳಿದರು, ತಮ್ಮ ಹಾಗೆಯೇ ಮಾಡಿದ. ಗೋಡೆಯ ತುದಿಯಿಂದ ತೊಲೆಗಳ ಮೇಲೆ ಬರುವಂತೆ ಎರಡು ಹಲಗೆ ಜೋಡಿಸಿದ. ಹೊಟ್ಟೆಯ ಮೇಲೆ ಮಲಗಿ ತೆವಳುತ್ತ ಭಾವನ ಹತ್ತಿರ ಹೋಗಿ ಕಂಕುಳಿಗೆ ಕೈಕೊಟ್ಟ. ಕೆಳಗೆ ಹೆಂಡತಿ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಧೂಳೇಳದಂತೆ ಶೀಟಿಗೆ ನೀರು ಚಿಮುಕಿಸಿ, ಇಕ್ಕಳದಿಂದ ತೂತಿನ ಅಂಚನ್ನು ಚೂರುಚೂರಾಗಿ ಮುರಿದು ಅಗಲ ಮಾಡಿದಳು. ಒಂದೊಂದು ಚೂರು ಮುರಿದಾಗಲೂ ಮೇಲೆ ಸಾಹೇಬರು ಸುರಕ್ಷತೆಯ ಪುಸ್ತಕದಲ್ಲಿ ಎಲ್ಲೂ ಇಲ್ಲದ ಶಬ್ದಗಳನ್ನು ಬಳಸಿದರು. ಕೊನೆಗೆ ಕಾಲು ಹೊರಗೆ ಬಂತು. ಚಪ್ಪಲಿ ಮಾತ್ರ ಕೆಳಗೆ ಬಿತ್ತು.

ಪೇಟೆಯ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹೊಲಿಗೆ ಹಾಕುತ್ತ ಕೇಳಿದಳು. “ಈ ವಯಸ್ಸಲ್ಲಿ ಯಾಕೆ ಅಂಕಲ್ ಇದೆಲ್ಲ? ಮುಂಚೆ ಏನು ಕೆಲಸ ಮಾಡ್ತಿದ್ರಿ?”

ಸಾಹೇಬರು ಗೋಡೆಯ ಕಡೆ ನೋಡಿದರು. “ಕಾರ್ಖಾನೆಯಲ್ಲಿ. ಅಕೌಂಟ್ಸ್ ವಿಭಾಗ.”

ತಮ್ಮನ ಬಾಯಿ ತೆರೆಯಿತು. ಅಕ್ಕ ಅವನ ಕಾಲು ತುಳಿದಳು. ಮುಚ್ಚಿಕೊಂಡಿತು.

ವಾಪಸ್ಸು ಬರುವಾಗ ಕಾರಿನಲ್ಲಿ ಸಾಹೇಬರು ಮೆಲ್ಲಗೆ ಕೇಳಿದರು. “ಕೆಳಗಿದ್ದ ಯಂತ್ರ ಸರಿಸಿದವಳು ನೀನಾ?”

“ಹೂಂ.”

“ಬ್ಲೇಡ್ ಮೇಲಿತ್ತಾ?”

“ಹೂಂ.”

ಆಕೆ ಬೈಯುತ್ತಾಳೆ ಎಂದು ಸಾಹೇಬರು ಕಾದರು. ಬೈದಿದ್ದರೆ ಎಷ್ಟೋ ಸುಖವಿತ್ತು. ಆಕೆ ಕಿಟಕಿಯಾಚೆ ನೋಡುತ್ತ ಕೂತಳು. ಶೆಡ್ಡಿನಲ್ಲಿ ಬಿದ್ದ ಚಪ್ಪಲಿಯನ್ನು ಇನ್ನೂ ಮಡಿಲಲ್ಲಿ ಬಿಗಿಹಿಡಿದಿದ್ದುದು ಸಾಹೇಬರಿಗೆ ಆಗ ಕಂಡಿತು.

ಹೊಲಿಗೆ ಬಿಚ್ಚಿದ ಮೇಲೆ ಶೀಟು ಬದಲಾಯಿಸುವ ಮಾತು ಬಂತು. ಯಾರನ್ನಾದರೂ ಕರೆಸೋಣ ಎಂದು ಈ ಸಲ ಸಾಹೇಬರೇ ಹೇಳಿದರು. ಹೆಂಡತಿ ಒಪ್ಪಲಿಲ್ಲ.

“ಅಂಚಿನ ಒಂದು ಶೀಟು ತಾನೇ? ನಾವೇ ಮಾಡೋಣ. ಆದ್ರೆ ಕಾರ್ಖಾನೇಲಿ ಬೇರೆಯವರ ಕೈಲಿ ಮಾಡಿಸ್ತಿದ್ರಲ್ಲ, ಹಾಗೆ. ನೀವು ಏಣಿ ಹಿಡೀರಿ.”

ಆಕೆ ದಪ್ಪ ಅಟ್ಟೆಯ ಬೂಟು, ಕೈಗವಸು, ತಮ್ಮನ ಅಂಗಡಿಯಿಂದ ತರಿಸಿದ ಕನ್ನಡಕ ತೊಟ್ಟು ಏಣಿ ಹತ್ತಿದಳು. ತಮ್ಮ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಲಗೆಯ ಮೇಲಿನಿಂದ ಹೊಸ ತಗಡಿನ ಶೀಟನ್ನು ಸರಿಸಿ ಕೊಟ್ಟ. ಸಾಹೇಬರು ಕೆಳಗೆ ಎರಡೂ ಕೈಯಲ್ಲಿ ಏಣಿಯ ಕಾಲು ಹಿಡಿದು, ತಲೆಯೆತ್ತಿ ನಿಂತರು. ಅಷ್ಟು ವರ್ಷ ಅವರು ಕೆಳಗೆ ನಿಂತು ಮೇಲಿದ್ದವರ ತಪ್ಪು ಹುಡುಕಿದ್ದರು. ಮೇಲಿದ್ದವರ ಮನೆಯವರು ಆ ಹೊತ್ತು ಏನು ಮಾಡುತ್ತಿರುತ್ತಾರೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಹೆಂಡತಿಯ ಬೂಟು ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಸರಿದಾಗಲೆಲ್ಲ ಅವರು ಏಣಿಯನ್ನು ಇನ್ನಷ್ಟು ಬಿಗಿಹಿಡಿಯುತ್ತಿದ್ದರು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ.

“ರೀ, ವಾಷರ್ ಕೊಡಿ.”

“ಆಗಲ್ಲ.”

“ನಿಮ್ಮ ಜೇಬಲ್ಲೇ ಇದೆಯಲ್ರೀ.”

“ಇದೆ. ಏಣಿ ಬಿಡಲ್ಲ ನಾನು.”

“ಒಂದು ಕೈ ಬಿಡಿ ಸಾಕು.”

“ಒಂದು ಬೆರಳೂ ಬಿಡಲ್ಲ.”

ಹಲಗೆಯ ಮೇಲೆ ತಮ್ಮ ನಗು ತಡೆಯಲಾರದೆ ಶೀಟಿನ ಹಿಂದೆ ಮುಖ ಮುಚ್ಚಿಕೊಂಡ. ಆಕೆ ಸ್ವಲ್ಪ ಹೊತ್ತು ಗಂಡನ ಬೆಳ್ಳಗಾದ ಗೆಣ್ಣುಗಳನ್ನು ನೋಡಿದಳು. ಆಮೇಲೆ ಸ್ಪಾನರನ್ನು ಚೀಲಕ್ಕೆ ಹಾಕಿಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಬಂದು, ಅವರ ಜೇಬಿಗೆ ಕೈಹಾಕಿ ವಾಷರುಗಳನ್ನು ತೆಗೆದುಕೊಂಡು ಮತ್ತೆ ಹತ್ತಿದಳು.