ಕಾಲು ನೆಲಕ್ಕೆ ತಾಗುವ ತನಕ

ನನ್ನ ತಮ್ಮ ತೀರಿಕೊಂಡ ಸುದ್ದಿ ಬಂದಾಗ ಅವನ ಮಗಳು ಆಕಾಶದಲ್ಲಿದ್ದಳು. ನಾನು ಬೆಟ್ಟದ ಬುಡದ ಬಯಲಿನಲ್ಲಿ, ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಕಂಬದ ಪಕ್ಕ, ವಾಕಿಟಾಕಿ ಹಿಡಿದು ನಿಂತಿದ್ದೆ. ಫೋನು ಮಾಡಿದವರು ಆಸ್ಪತ್ರೆಯ ನರ್ಸು.

"ನೋವೇನೂ ಪಡಲಿಲ್ಲ ಯಜಮಾನ್ರೇ. ಕಿಟಕಿ ತೆಗೆಸಿದ್ರು, 'ಇವತ್ತು ಗಾಳಿ ಚೆನ್ನಾಗಿದೆ' ಅಂದ್ರು, ಅಷ್ಟೇ."

ತಮ್ಮ ಮೂವತ್ತು ವರ್ಷ ಜನರಿಗೆ ಪ್ಯಾರಾಗ್ಲೈಡರ್ ಹಾರಿಸುವುದನ್ನು ಕಲಿಸಿದವನು. ಎದೆಯ ಕಾಯಿಲೆ ಅವನನ್ನು ಒಂದು ವರ್ಷದಿಂದ ಹಾಸಿಗೆಗೆ ಕಟ್ಟಿಹಾಕಿತ್ತು. ಹಿಂದಿನ ದಿನ ಮಗಳು ತಲೆದೆಸೆಯಲ್ಲಿ ಕೂತಿದ್ದಾಗ ಅವನೇ ಗದರಿದ್ದ: "ನನ್ನ ಮುಖದಲ್ಲಿ ಏನು ಬರೆದಿದೆ ಅಂತ ಓದ್ತಾ ಇದ್ದೀಯ? ನಾಳೆ ಹೋಗಿ ಹಾರು. ಕೆಳಗೆ ದೊಡ್ಡಪ್ಪ ಇರ್ತಾರೆ."

ನಾನು ಹಾರುವವನಲ್ಲ, ಪ್ಯಾರಾಗ್ಲೈಡರಿನ ಹರಿದ ಬಟ್ಟೆರೆಕ್ಕೆ ಹೊಲಿಯುವ ದರ್ಜಿ. ಆದರೂ ಅವನ ಪಾಠ ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ಅದರಲ್ಲಿ ಮೊದಲನೆಯದು ಒಂದು ಕಟ್ಟಳೆ: ಕಾಲು ನೆಲಕ್ಕೆ ತಾಗುವ ತನಕ ಬೇರೆ ಮಾತಿಲ್ಲ. ಮೇಲಿರುವವರಿಗೆ ಮನೆಯ ಸುದ್ದಿ ಹೇಳಕೂಡದು, ಅವರೂ ಕೇಳಕೂಡದು.

ಫೋನು ಜೇಬಿಗೆ ಹಾಕಿದೆ. ಕಣ್ಣು ಮಂಜಾಗಿತ್ತು. ಅಷ್ಟರಲ್ಲಿ ಬಿಸಿಲೇರಿ ಗಾಳಿ ಒರಟಾಯಿತು. ಅವಳ ಕೆಂಪು ರೆಕ್ಕೆಯ ಬಲತುದಿ ಒದ್ದೆ ಬಟ್ಟೆಯಂತೆ ಮುದುಡಿತು.

"ಎಡಕ್ಕೆ ವಾಲು ಮಗಳೇ," ಎಂದೆ. "ಮೊದಲು ದಾರಿ ನೇರ ಮಾಡ್ಕೋ, ರೆಕ್ಕೆ ಆಮೇಲೆ. ಹಿಡಿಕೆ ಬಿಡಬೇಡ, ಜಗ್ಗಲೂ ಬೇಡ."

ನಾನು ಹೇಳುವ ಮೊದಲೇ ಅವಳು ವಾಲಿದ್ದಳು. ದಾರಿ ನೇರವಾದ ಮೇಲೆ, ರೆಕ್ಕೆಯ ದಾರಕ್ಕೆ ಕಟ್ಟಿದ ಬಲಗೈ ಹಿಡಿಕೆಯನ್ನು ಒಮ್ಮೆ ಎಳೆದು ಬಿಟ್ಟಳು. ರೆಕ್ಕೆ ಪಟ್ಟೆಂದು ಬಿಚ್ಚಿಕೊಂಡಿತು.

"ದೊಡ್ಡಪ್ಪ..."

"ಏನಮ್ಮ?"

"ಏನಿಲ್ಲ. ಗಾಳಿ ಯಾವ ಕಡೆಯಿಂದ?"

"ಮರಗಳ ಕಡೆಯಿಂದ. ತಿರುಗೋ ಕಡೆ ಮೊದಲು ನೋಡು, ಆಮೇಲೆ ಮೈ ವಾಲಿಸು, ಕೊನೆಗೆ ಹಿಡಿಕೆ, ಮೆಲ್ಲಗೆ."

ಬಯಲಿನ ಅಂಚಿನಲ್ಲಿ ಅವಳು ಅಗಲವಾಗಿ, ಅವಸರವಿಲ್ಲದೆ ಎರಡು ಸುತ್ತು ಹಾಕಿದಳು.

"ಇನ್ನು ತಿರುಗೋದು ಸಾಕು. ಗಾಳಿಗೆ ಎದುರಾಗಿ ನೇರ ಬಾ. ಕಾಲು ಕೆಳಗೆ ಬಿಡು."

ಆಳೆತ್ತರಕ್ಕೆ ಬಂದಾಗ "ಈಗ!" ಎಂದೆ. ಎರಡು ಕೈಯನ್ನೂ ಒಟ್ಟಿಗೆ ಕೆಳಗೆಳೆದಳು. ವೇಗವೆಲ್ಲ ಇಳಿದುಹೋಯಿತು. ನಾಲ್ಕು ಹೆಜ್ಜೆ ಓಡಿ ನಿಂತಳು. ರೆಕ್ಕೆ ಅವಳ ಬೆನ್ನ ಹಿಂದೆ ಮಲಗಿತು.

ಹೆಲ್ಮೆಟ್ ತೆಗೆದು ನನ್ನ ಮುಖ ನೋಡಿದಳು.

"ಅಪ್ಪ ಹೋಗ್ಬಿಟ್ರಾ?"

"ನಿನಗೆ ಯಾರು ಹೇಳಿದ್ರು?"

"ನೀವೇ. ಹುಟ್ಟಿದಾಗಿನಿಂದ ಕತ್ತೆ, ಕೋತಿ ಅಂತ ಕರೆದೋರು, ಇವತ್ತು ಮಗಳೇ ಅಂದ್ರಿ."

"ಮೇಲೆ ಇದ್ದಾಗಲೇ ಗೊತ್ತಾಯ್ತಾ? ಮತ್ತೆ ಕೇಳಲೇ ಇಲ್ವಲ್ಲೇ!"

"ಕಾಲು ನೆಲಕ್ಕೆ ತಾಗಿರಲಿಲ್ಲ," ಎಂದವಳೇ ನನ್ನ ಹೆಗಲಿಗೆ ತಲೆಯಿಟ್ಟು ಅತ್ತಳು. ನಾನೂ ಅತ್ತೆ. ಆಮೇಲೆ ಮೂಗೊರೆಸಿಕೊಂಡು ಕೇಳಿದಳು, "ಇಳಿದದ್ದು ಹೇಗಿತ್ತು?"

"ನಿಮ್ಮಪ್ಪ ಇದ್ದಿದ್ರೆ, ಕೈ ಎಳೆಯೋಕೆ ಇನ್ನೊಂದು ಕ್ಷಣ ತಡೀಬಹುದಿತ್ತು ಅಂತಿದ್ದ."

"ನೀವು 'ಈಗ' ಅಂದಾಗಲೇ ಎಳೆದದ್ದು."

"ಹಾಗಾದ್ರೆ ನನಗೇ ಬೈತಿದ್ದ ಕಣೇ, ಕತ್ತೆ."

ಅಳುವಿನ ನಡುವೆ ಅವಳು ನಕ್ಕಳು. ಇಬ್ಬರೂ ಮೊಣಕಾಲೂರಿ ರೆಕ್ಕೆಯೊಳಗಿನ ಗಾಳಿಯನ್ನು ಒತ್ತಿ ಒತ್ತಿ ಹೊರಗೆ ಕಳಿಸಿ, ಮಡಿಕೆ ಮಡಿಕೆಯಾಗಿ ಮಡಚಿದೆವು. ನಾನು ಹಾಕಿದ ಹೊಲಿಗೆಗಳು ಗಟ್ಟಿಯಾಗಿದ್ದವು. ದುಃಖ ಇತ್ತು, ಆದರೆ ಎದೆ ಭಾರವಾಗಿರಲಿಲ್ಲ. ಆಸ್ಪತ್ರೆಗೆ ಹೊರಡುವ ಮುನ್ನ ಅಲ್ಲೇ ಹುಲ್ಲಿನ ಮೇಲೆ ಕೈಮುಗಿದೆ.

ದೇವರೇ, ಕೈಗೆ ಬಂದ ಒಬ್ಬೊಬ್ಬರನ್ನೂ ಜೋಪಾನವಾಗಿ ನೆಲಕ್ಕೆ ಇಳಿಸಿದವನು ನನ್ನ ತಮ್ಮ. ಈಗ ಅವನ ಸರದಿ. ನಿನ್ನ ಪಾದದ ಬಳಿ ಮೆಲ್ಲಗೆ ಇಳಿಸಿಕೋ. ಅವನಿಗೆ ಶಾಂತಿ ಕೊಡು.