ಕರಿ ಪಟ್ಟಿಗೆ ತುರುಕಿದ ಕಾಗದ

ನಾನು ಕಾಲಲ್ಲಿ ತುಳಿದು ನುಡಿಸುವ ಒಂದು ಹಾರ್ಮೋನಿಯಂ. ತೇಗದ ಮೈ, ಗಾಳಿಗೆ ಮಿಡಿದು ಸ್ವರ ಕೊಡುವ ಹಿತ್ತಾಳೆಯ ನಾಲಿಗೆಗಳು. ನನ್ನನ್ನು ಮಾಡಿದವನು ಒಂದೊಂದು ನಾಲಿಗೆಯನ್ನೂ ಕಿವಿಯ ಬಳಿ ಹಿಡಿದು, ಅರದಿಂದ ಉಜ್ಜಿ ಶ್ರುತಿ ಮಾಡಿದ್ದ. ಒಂದೂ ತಪ್ಪಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಧಾರವಾಡದ ಕಡೆಯ ಒಂದು ಸಣ್ಣ ಚರ್ಚಿಗೆ ಬಂದೆ. ನನ್ನನ್ನು ನುಡಿಸುತ್ತಿದ್ದ ಹಳೆಯ ಮಾಸ್ತರರು ತೀರಿಕೊಂಡ ಮೇಲೆ ಸತ್ಯಮಿತ್ರ ಮಾಸ್ತರರ ಕೈಗೆ ಸಿಕ್ಕೆ. ಶುಭ ಶುಕ್ರವಾರದ ಹಾಡಿನ ಒಂದು ಜಾಗ ಅವರ ಕಿವಿಗೆ ಒಗ್ಗಲಿಲ್ಲ.

"ಈ ಕರಿ ಪಟ್ಟಿ ಕೆಟ್ಟೈತಿ," ಎಂದು ಅದರ ನಾಲಿಗೆಗೆ ಕಾಗದ ತುರುಕಿ, ಪಕ್ಕದ ಬಿಳಿ ಪಟ್ಟಿ ಒತ್ತಿದರು. ಹಾಡಿನ ಪುಸ್ತಕದಲ್ಲಿದ್ದದ್ದು ಕರಿಯೇ. ನನಗೆ ಮೈಯೆಲ್ಲ ಉರಿಯಿತು.

ಚರ್ಚಿನ ಕಸ ಗುಡಿಸುತ್ತಿದ್ದವಳು ಸಲೋಮಿ. ಶನಿವಾರ ನನ್ನನ್ನು ಒರೆಸುವಾಗ ಬಿಳಿ, ಕರಿ ಎಲ್ಲ ಪಟ್ಟಿಗಳನ್ನೂ ಎಣಿಸಿ, ಮೂರು ಮೂರು ಸ್ವರ ಒಟ್ಟಿಗೆ ಒತ್ತುತ್ತಿದ್ದಳು. ಪಟ್ಟಿಯಿಂದ ಪಕ್ಕದ ಪಟ್ಟಿಗೆ, ಕರಿಯೂ ಸೇರಿ, ಒಂದು ಹೆಜ್ಜೆ. ಮೊದಲ ಸ್ವರದಿಂದ ಎರಡನೆಯದಕ್ಕೆ ನಾಲ್ಕು ಹೆಜ್ಜೆ, ಅಲ್ಲಿಂದ ಮೇಲಿನದಕ್ಕೆ ಮೂರು: ಸ್ವರಗಳು ನೆಮ್ಮದಿಯಾಗಿ ಕೂರುತ್ತವೆ. ಮೂರು, ಮೂರು: ಕುಗ್ಗಿ ಮುದುಡುತ್ತವೆ. ನಾಲ್ಕು, ನಾಲ್ಕು: ಹಿಗ್ಗಿ ತುದಿಗಾಲಲ್ಲಿ ನಿಲ್ಲುತ್ತವೆ, ಮುಂದಿನ ಸ್ವರ ಬರುವವರೆಗೂ ಇಳಿಯುವುದಿಲ್ಲ. ಹಾಡಿನ ಆ ಜಾಗಕ್ಕೆ ಬೇಕಾದದ್ದು ಈ ಹಿಗ್ಗಿದ್ದು. ಅದರ ತುದಿಯ ಪಟ್ಟಿಯೇ ಮೂಕ. ಸಲೋಮಿ ನನ್ನ ಬೆನ್ನಿನ ಹಲಗೆ ಬಿಚ್ಚಿ ಕಾಗದ ಕಿತ್ತಳು. ಆ ಜಾಗವನ್ನು ನುಡಿಸಿದಳು.

ಹೂವಿಡಲು ಬಂದ ಮುದುಕಿ ರಾಹೇಲಮ್ಮ ನಿಂತುಬಿಟ್ಟಳು. "ಅಯ್ಯ ನಮ್ಮವ್ವಾ! ಹಳೇ ಮಾಸ್ತರು ಹೋದ ಮ್ಯಾಲ ಇದನ್ನ ಕೇಳಿದ್ದಿಲ್ಲ ನೋಡು."

ಅಷ್ಟರಲ್ಲಿ ಮಾಸ್ತರರು ಗಾಯಕರೊಂದಿಗೆ ಒಳಗೆ ಬಂದರು. "ಕಸಬರಗಿ ಹಿಡಿಯೋ ಕೈಗೆ ಇಲ್ಲೇನು ಕೆಲಸ?"

"ಅದು ಕೆಟ್ಟಿಲ್ರಿ ಸರ. ಮ್ಯಾಲಿನ ಸ್ವರಕ್ಕ ಹೊಂಟೈತ್ರಿ. ಎಣಿಸಿ ನೋಡ್ರಿ."

"ಏಳನೇ ಕ್ಲಾಸಿಗೇ ಸಾಲಿ ಬಿಟ್ಟಾಕಿ ನನಗ ಎಣಿಸೋದು ಕಲಸ್ತಾಳ!"

ಎಲ್ಲರೂ ನಕ್ಕರು. ಸಲೋಮಿ ಕುಗ್ಗಿಹೋದಳು. ಮಾಸ್ತರರು ಕಾಗದವನ್ನು ಮತ್ತೆ ತುರುಕಿ, ನನಗೆ ಬೀಗ ಹಾಕಿ ಹಿಂದಿನ ಕೋಣೆಗೆ ತಳ್ಳಿಸಿದರು. ನನ್ನ ಜಾಗಕ್ಕೆ ಕರೆಂಟಿನ ಕೀಬೋರ್ಡ್ ಬಂತು.

ಶುಭ ಶುಕ್ರವಾರ ಗೋಡೆಯಾಚೆಯಿಂದ ಕೇಳುತ್ತಿದ್ದೆ. ಆ ಜಾಗ ಬಂತು. ಕೀಬೋರ್ಡು ಅದೇ ಬಿಳಿ ಪಟ್ಟಿ ನುಡಿಸಿತು. ಅದಕ್ಕಿಂತ ಒಂದೇ ಹೆಜ್ಜೆ ಮೇಲೆ ಒಂದು ದನಿ ಎದ್ದಿತು. ಸಲೋಮಿಯದು, ನಡುಗುತ್ತಿತ್ತು, ಇಳಿಯಲಿಲ್ಲ. ಎರಡನೆಯ ಚರಣಕ್ಕೆ ರಾಹೇಲಮ್ಮನ ಒಡಕು ದನಿ ಸೇರಿತು. ಮೂರನೆಯದಕ್ಕೆ ಹೆಂಗಸರ ಸಾಲೆಲ್ಲ. ಕೊನೆಗೆ ಮಾಸ್ತರರ ಬೆರಳೇ ತಡವರಿಸಿ ಕರಿ ಪಟ್ಟಿಗೆ ಬಂತು.

ಈಗ ಇಲಿಗಳು ನನಗೆ ಗಾಳಿ ಊದುವ ತಿದಿ ಕಡಿದಿವೆ. ಬೀಗದ ಕೈ ಮಾಸ್ತರರ ಜೇಬಿನಲ್ಲೇ ಇದೆ. ಪ್ರತಿ ವರ್ಷ ಆ ಸ್ವರವನ್ನು ಅವರು ಸರಿಯಾಗಿಯೇ ನುಡಿಸುತ್ತಾರೆ, ತಾವೇ ಕಂಡುಹಿಡಿದವರಂತೆ. ನನ್ನ ಬಾಯಿಯ ಕಾಗದವನ್ನು ಮಾತ್ರ ಯಾರೂ ತೆಗೆದಿಲ್ಲ.