ಮೂರನೇ ಮೆಟ್ಟಿಲ ಮೇಲಿನ ಬಟ್ಟಲು

ವಿದ್ಯಾನಗರದ ಆ ಮನೆಯ ಮಹಡಿಯನ್ನು ನಮಗೆ ಬಾಡಿಗೆಗೆ ಕೊಡುವ ಮೊದಲು ಮಾಲೀಕರಾದ ಬಿಂದುಮಾಧವರು ವಿಚಾರಿಸಿದ್ದು ನಮ್ಮ ನೌಕರಿಯನ್ನಲ್ಲ, ಮನೆತನದ ಅಡ್ಡಹೆಸರನ್ನು. ನನ್ನ ಗಂಡ ಶಶಿಕುಮಾರ ಊರಿನ ಹೆಸರು ಹೇಳಿ ಜಾರಿಕೊಳ್ಳಲು ನೋಡಿದ. ನಾನು ನಮ್ಮ ಜಾತಿಯನ್ನೇ ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. ಗಂಡ ಹೆಂಡತಿ ಇಬ್ಬರೂ ಸರಕಾರಿ ಸಂಬಳದವರು, ಬಾಡಿಗೆ ತಪ್ಪುವುದಿಲ್ಲ ಎಂಬ ಲೆಕ್ಕ ಆ ಹೊತ್ತಿನಲ್ಲಿ ಮುಗಿದಿರಬೇಕು.

“ನಾ ಏನ್ ಅದನ್ನೆಲ್ಲಾ ನೋಡೂದಿಲ್ರಿ,” ಎಂದರು. “ಆದ್ರ ಮನ್ಯಾಗ ಮೀನ, ಮಾಂಸ, ತತ್ತಿ ಏನೂ ಬರಬಾರ್ದು. ವಾಸನಿ ಬಂತಂದ್ರ ಮನಿ ಬಿಡಬೇಕು.”

ಒಪ್ಪಿಕೊಂಡೆವು. ಮಗಳು ಮಾಯಾಳ ಶಾಲೆ ಪಕ್ಕದ ರಸ್ತೆಯಲ್ಲೇ ಇತ್ತು, ನಾನು ಪಾಠ ಮಾಡುವ ಕಾಲೇಜೂ ಹತ್ತಿರ. ಅದಕ್ಕೂ ಮೊದಲು ನೋಡಿದ ಮನೆಗಳವರು ಅಡ್ಡಹೆಸರು ಕೇಳಿದ ಕೂಡಲೇ, ಅಯ್ಯೋ, ನಿನ್ನೆಯೇ ಬೇರೆಯವರಿಗೆ ಮಾತು ಕೊಟ್ಟುಬಿಟ್ಟೆವಲ್ಲ ಎಂದಿದ್ದರು. ಮೀನು ತಿನ್ನುವ ಆಸೆಯಾದರೆ ಗಬ್ಬೂರಿನ ನನ್ನ ತವರಿಗೆ ಹೋಗುತ್ತಿದ್ದೆವು. ತಿಂದು, ನಿಂಬೆಹಣ್ಣಿನಿಂದ ಕೈ ತಿಕ್ಕಿ ತೊಳೆದುಕೊಂಡು ಕಳ್ಳರ ಹಾಗೆ ಮನೆಗೆ ಮರಳುತ್ತಿದ್ದೆವು.

ಬಿಂದುಮಾಧವರು ಬ್ಯಾಂಕಿನಿಂದ ನಿವೃತ್ತರು. ಹೆಂಡತಿ ತೀರಿಕೊಂಡ ಮೇಲೆ ಅವರ ಜೊತೆಗಿದ್ದದ್ದು ಒಂದು ಲ್ಯಾಬ್ರಡಾರ್ ನಾಯಿ. ಹೆಸರು ರಾಜಾ. ಬೆಳಿಗ್ಗೆ ತುಪ್ಪದ ಅನ್ನ, ರಾತ್ರಿ ಮೊಸರನ್ನ, ಏಕಾದಶಿಗೆ ಬಾಳೆಹಣ್ಣು. ಮನೆತನದ ಆಚಾರವನ್ನು ಪಾಲಿಸಿ ಪಾಲಿಸಿ ಆ ಬಡಪಾಯಿಯ ಬೆನ್ನಿನ ಕೂದಲು ಉದುರಿ ಹೋಯಿತು. ಪ್ರಾಣಿವೈದ್ಯರು ಮೀನು ಹಾಕಿ ಎಂದರು.

ಪರಿಚಯದವರು ಯಾರೂ ಕಾಣದಂಥ ದೂರದ ಅಂಗಡಿಗೆ ಹೋಗಿ ಬಿಂದುಮಾಧವರು ಡಬ್ಬಿ ಮೀನು ತಂದರು. ಪತ್ರಿಕೆಯಲ್ಲಿ ಸುತ್ತಿದ ಆ ಗಂಟು ಹಿಡಿದುಕೊಂಡು ಮೊದಲ ಸಲ ನಮ್ಮ ಮೆಟ್ಟಿಲು ಹತ್ತಿದರು.

“ಮೇಡಂ, ಇದು ಔಷಧ ಅಂತ ತಿಳೀರಿ. ನನಗ ಒಡದು ಹಾಕ್ಲಿಕ್ಕೆ ಆಗೂದಿಲ್ಲ. ನಿಮಗಾದ್ರ ರೂಢಿ ಇರ್ತದ.”

ರೂಢಿಯಂತೆ. ಆ ಮಾತಿಗೇ ಗಂಟನ್ನು ಅವರ ಕಾಲ ಮೇಲೆ ಎತ್ತಿಹಾಕಬೇಕಿತ್ತು. ಶಶಿಕುಮಾರ ಹಿಂದಿನಿಂದ ನನ್ನ ಸೆರಗು ಜಗ್ಗಿದ. ಮನೆ ನೆನಪಾಯಿತು, ಸುಮ್ಮನೆ ಇಸಿದುಕೊಂಡೆ.

ಅಂದಿನಿಂದ ಡಬ್ಬಿಗಳು ಇರುವುದು ನಮ್ಮ ಅಡುಗೆಮನೆಯ ಹಲಗೆಯ ಮೇಲೆ, ಒಡೆಯುವುದು ನಮ್ಮ ಕಟ್ಟೆಯ ಮೇಲೆ, ಉಪ್ಪುನೀರು ಬಸಿಯುವುದು ನಮ್ಮ ಸಿಂಕಿಗೆ. ಅನ್ನಕ್ಕೆ ಮೀನು ಕಲಸಿ ಬಟ್ಟಲನ್ನು ಮೂರನೇ ಮೆಟ್ಟಿಲ ಮೇಲಿಟ್ಟರೆ ರಾಜಾ ಬಂದು ತಿನ್ನುತ್ತಿತ್ತು. ತಿಂದಾದ ಮೇಲೆ ಬಿಂದುಮಾಧವರು ಅದರ ಬಾಯಿ ತೊಳೆದು, ಟವೆಲ್ಲಿನಿಂದ ಒರೆಸಿ, ನೆತ್ತಿಗೆ ನಾಲ್ಕು ಹನಿ ಗಂಗಾಜಲ ಚಿಮುಕಿಸಿ ಒಳಗೆ ಕರೆದುಕೊಳ್ಳುತ್ತಿದ್ದರು. ಓದಿದ ಮನುಷ್ಯ ಇದನ್ನೆಲ್ಲ ಒಂದಿಷ್ಟೂ ನಗದೆ ಮಾಡುತ್ತಿದ್ದರು. ದಸರೆಗೆ ಬನ್ನಿ ಕೊಡಲು ಹೋದ ನನ್ನನ್ನು ಹೊಸ್ತಿಲ ಹೊರಗೇ ನಿಲ್ಲಿಸಿ ಮಾತಾಡಿಸಿ ಕಳಿಸಿದವರು ಇವರೇ. ನನಗೆ ಗಂಗಾಜಲವೂ ಸಾಲದು ಎಂದುಕೊಂಡಿದ್ದರೋ ಏನೋ.

ರಾಜಾನ ಬೆನ್ನಿನ ಮೇಲೆ ಕೂದಲು ಮೂಡತೊಡಗಿದಾಗ ಧಾರವಾಡದಿಂದ ಅವರ ತಾಯಿ ತಾರಾಬಾಯಿ ಬಂದರು. ವಯಸ್ಸಿಗೆ ಬೇರೆಲ್ಲ ಬಿಟ್ಟುಕೊಟ್ಟಿದ್ದರೂ ಮೂಗನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಮರುದಿನವೇ ಸೆರಗನ್ನು ಮೂಗಿಗೆ ಒತ್ತಿಕೊಂಡು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. ಅಲ್ಲಿಂದಲೇ ಹಲಗೆಯ ಮೇಲಿನ ಡಬ್ಬಿಗಳು ಕಾಣುತ್ತಿದ್ದವು. ಡಬ್ಬಿಯ ಮೇಲೆ ಮೀನಿನ ಚಿತ್ರವೂ ಇತ್ತು.

“ಇದೇನಿದು?” ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಹಿಂದಿನಿಂದ ಮಗನ ದನಿ ಬಂತು. “ಎಷ್ಟ ಹೇಳಿದ್ರೂ ಅಷ್ಟ ಅವ್ವಾ ಈ ಮಂದಿಗೆ. ಈ ತಿಂಗಳಾ ಮುಗದ ಮ್ಯಾಲೆ ಬಿಡಿಸಿಬಿಡ್ತೀನಿ.”

ನನ್ನ ಹಿಂದೆ ಮಾಯಾ ನಿಂತಿದ್ದಳು. ನಮ್ಮ ಮನೆಯಲ್ಲಿ ನಿಂತು ನನ್ನ ಮಗಳೆದುರು ನನ್ನನ್ನು ಕಳ್ಳಿ ಮಾಡಿ ಹೋದರು.

ಸಂಜೆ ನಾನು ಕಾಲೇಜಿನಿಂದ ಬಂದಾಗ ಬಿಂದುಮಾಧವರು ಗೇಟಿನ ಹತ್ತಿರ ಕಾಯುತ್ತಿದ್ದರು. ದನಿಗೆ ಬೆಣ್ಣೆ ಹಚ್ಚಿಕೊಂಡು ಬಂದಿದ್ದರು.

“ಮನಸಿಗೆ ಹಚ್ಚಿಕೋಬ್ಯಾಡ್ರಿ ಮೇಡಂ. ಅವ್ವ ಊರಿಗೆ ಹೋದ ಮ್ಯಾಲೆ ಎಲ್ಲಾ ಮೊದಲಿನಂಗ. ಮನಿ ಬಿಡೂದೇನೂ ಬ್ಯಾಡ. ಅಲ್ಲೀತನಾ ಅವು ನಿಮ್ಮವು ಅಂತ ಇರ್ಲಿ.”

“ಡಬ್ಬಿ ನಮ್ಮವು ಏನ್ರಿ?”

“ಹೂಂ. ನಿಮಗೇನ್ ಅದರಿಂದ ಹೊಸಾದಾಗಿ ಮರ್ಯಾದಿ ಹೋಗೂದಿಲ್ಲಲ್ಲಾ.”

ನನ್ನ ಮರ್ಯಾದೆಯ ಬಗ್ಗೆ ಅವರಿಗಿದ್ದ ಅಂದಾಜು ಅಷ್ಟು ಸಲೀಸಾಗಿ ಹೊರಬಿತ್ತು. ಆಯ್ತು ಎಂದು ಮೇಲೆ ಬಂದೆ.

ಬಂದವಳೇ ಡಬ್ಬಿಗಳನ್ನು ಒಡೆದೆ. ಉಳ್ಳಾಗಡ್ಡಿ ಹೆಚ್ಚಿದೆ, ಬೆಳ್ಳುಳ್ಳಿ ಜಜ್ಜಿದೆ, ಬ್ಯಾಡಗಿ ಮೆಣಸಿನಕಾಯಿ ಅರೆದೆ. ಒಗ್ಗರಣೆಗೆ ಎಣ್ಣೆ ಸುರಿಯುವಾಗ ಶಶಿಕುಮಾರ ಬಂದು ಎಲ್ಲ ಕಿಟಕಿಗಳನ್ನೂ ಮುಚ್ಚಿದ.

“ಹುಚ್ಚು ಹಿಡದೈತೇನ ನಿನಗ? ಮನಿ ಹೋಗ್ತೈತಿ.”

“ನಮ್ಮವ ಅಂತ ಅವರ ಹೇಳ್ಯಾರ. ನಮ್ಮವನ್ನ ನಾವು ತಿನ್ನಾಕತ್ತೇವಿ,” ಎಂದು ನಾನು ಮತ್ತೆ ಕಿಟಕಿ ತೆರೆದೆ.

ರೊಟ್ಟಿಯ ಜೊತೆ ತಿಂದೆವು. ಡಬ್ಬಿಯ ಮೀನಿಗೆ ನನ್ನ ಅವ್ವ ಮಾಡುವ ಸಾರಿನ ರುಚಿ ಎಲ್ಲಿಂದ ಬರಬೇಕು, ನೆನೆದ ಹತ್ತಿ ಅಗಿದಂತಿತ್ತು. ಆದರೂ ಮಾಯಾ ಬೆರಳು ನೆಕ್ಕಿದಳು. ಸ್ವಂತ ಮನೆಯಲ್ಲಿ ಕೂತು ಮೀನು ತಿಂದದ್ದು ಅವಳಿಗೆ ನೆನಪಿರುವಂತೆ ಅದೇ ಮೊದಲು. ಒಂದು ಡಬ್ಬಿಯನ್ನು ಮಾತ್ರ ಎತ್ತಿಟ್ಟಿದ್ದೆ, ನಾಯಿಯದೇನೂ ತಪ್ಪಿರಲಿಲ್ಲ.

ಬೆಳಿಗ್ಗೆ ಮೂರನೇ ಮೆಟ್ಟಿಲು ಖಾಲಿಯಿತ್ತು. ಅದರ ಕೆಳಗೆ ರಾಜಾ ಕುಂಯ್ ಎನ್ನುತ್ತ ಕೂತಿತ್ತು. ಪಕ್ಕದಲ್ಲಿ ಬಿಂದುಮಾಧವರು ಮೇಲಕ್ಕೆ ನೋಡುತ್ತ ನಿಂತಿದ್ದರು. “ಮೇಡಂ,” ಎಂದು ಪಿಸುಗುಟ್ಟಿದರು, “ಮೊಸರನ್ನ ಮೂಸಿ ಸೈತ ನೋಡವಲ್ದು. ಡಬ್ಬಿ…?”

“ತಿಂದ್ವಿರಿ.”

“ಎಲ್ಲಾ?”

“ನಮ್ಮವು ಅಲ್ಲೇನ್ರಿ.”

ಒಳಗಿನಿಂದ ತಾರಾಬಾಯಿ ಕೂಗಿದರು. “ಯಾರ ಜೋಡಿ ಮಾತಾಡ್ಲಿಕ್ಕತ್ತೀಯೋ ಬಿಂದೂ?”

“ಯಾರೂ ಇಲ್ಲವ್ವಾ,” ಎಂದರು ಅವರು, ನನ್ನ ಮುಖವನ್ನೇ ನೋಡುತ್ತ.

ಒಳಗೆ ಹೋಗಿ ಉಳಿದಿದ್ದ ಡಬ್ಬಿಯನ್ನು ಒಡೆದು ಬಟ್ಟಲಿಗೆ ಸುರಿದೆ. ಮೆಟ್ಟಿಲಿಳಿದೆ. ಮೂರನೇ ಮೆಟ್ಟಿಲ ಮೇಲೆ ಇಡಲಿಲ್ಲ. ಬಿಂದುಮಾಧವರು ಕೈ ಅಡ್ಡ ಹಿಡಿದರು, ಆದರೆ ನನ್ನನ್ನು ಮುಟ್ಟಬೇಕಾಗುತ್ತದೆ ಎಂದು ತಾವೇ ಹಿಂದೆ ಸರಿದರು. ಹೊಸ್ತಿಲು ದಾಟಿ ಪಡಸಾಲೆಯಲ್ಲಿ ತೂಗುಮಂಚದ ಮೇಲೆ ಕೂತಿದ್ದ ತಾರಾಬಾಯಿಯವರ ಮುಂದೆ ಬಟ್ಟಲಿಟ್ಟೆ. ರಾಜಾ ನನ್ನ ಕಾಲ ಸಂದಿಯಿಂದಲೇ ನುಗ್ಗಿ ಬಂದು ಬಾಯಿ ಹಾಕಿತು.

“ಅಜ್ಜಿಯಾರ, ಆ ಡಬ್ಬಿ ತಂದವರು ನಿಮ್ಮ ಮಗಾ. ತಿನ್ನೂದು ನಿಮ್ಮ ನಾಯಿ. ಒಡ್ಯಾಕಷ್ಟ ನಾ ಬೇಕಾಗಿದ್ದೆ.”

ತಾರಾಬಾಯಿ ಬಟ್ಟಲು ನೋಡಿದರು, ನಾಯಿ ನೋಡಿದರು, ಮಗನನ್ನು ನೋಡಿದರು. ಈಗ ಬೈಯುತ್ತಾರೆ ಎಂದುಕೊಂಡೆ. ಬೈದರು ಕೂಡ.

“ನಾಯಿ ಏನರ ತಿನ್ಲಿ ಬಿಡೋ. ಈಕೀನ್ನ ಯಾಕ ಒಳಗ ಬಿಟ್ಟಿ?”

ಬಿಂದುಮಾಧವರು ಹಿತ್ತಲಿಗೆ ಓಡಿ ಬಕೆಟ್ಟು ತಂದರು. ನಾನು ಹೊರಗೆ ಬಂದು ಹೊಸ್ತಿಲಾಚೆ ನಿಂತು ನೋಡುತ್ತಿದ್ದೆ. ಮೀನಿನ ಚೂರು ಬಟ್ಟಲಿನ ಸುತ್ತ ಚೆಲ್ಲಿತ್ತು, ರಾಜಾ ಇನ್ನೂ ನೆಕ್ಕುತ್ತಿತ್ತು. ಅವರು ಅದನ್ನೆಲ್ಲ ಸುತ್ತಿ ಹೋಗಿ, ಒಳಗೆ ನಾನು ನಿಂತಿದ್ದ ಜಾಗಕ್ಕೆ ನೀರು ಸುರಿದರು.